ಎರಡು ಮೇಜುಗಳ ಠಾಣೆ

ಎಷ್ಟು ಸ್ವಚ್ಛವಾಗಿವೆ ಇವನ ಬೆರಳುಗಳು, ಉಗುರಿನ ಅಂಚಿನಲ್ಲೂ ಒಂದು ಕಪ್ಪು ಗೆರೆ ಇಲ್ಲ, ಅವನ್ನು ಅಗಲವಾಗಿ ಬಿಡಿಸಿ ಮತ್ತೆ ಒಂದಕ್ಕೊಂದು ಹೆಣೆದು ತೋರಿಸುತ್ತಾನೆ — ಹೀಗೆ ಬೆಸೆಯಲು ನೋಡಿದೆವು, ಅನ್ನುತ್ತಾನೆ, ಮತ್ತೆ ಬಿಡಿಸುತ್ತಾನೆ, ಬೆಸೆದುಕೊಳ್ಳಲಿಲ್ಲ — ಮುಸರ್ರತ್‌ಗೆ ಆ ಬೆರಳುಗಳಿಂದ ಕಣ್ಣು ಕೀಳಲಾಗುತ್ತಿಲ್ಲ, ವೇದಿಕೆಯ ಮೇಲೆ ಅವನ ಪಕ್ಕದ ಕುರ್ಚಿಯೇ ಅವಳದು, ಮುಂದೆ ನೀರಿನ ಗ್ಲಾಸು, ಓಹೇರ್ ನಿಲ್ದಾಣದಿಂದ ಎದ್ದ ವಿಮಾನ ಈ ಡೆಸ್ ಪ್ಲೇನ್ಸ್ ಊರಿನ ಹೋಟೆಲಿನ ನೆತ್ತಿಯ ಮೇಲೆ ಹಾದಾಗಲೆಲ್ಲ ಗ್ಲಾಸಿನ ನೀರು ನಡುಗುತ್ತದೆ, ಇವನ ದನಿ ಮಾತ್ರ ನಡುಗುವುದಿಲ್ಲ, ಆಗಲೂ ನಡುಗುತ್ತಿರಲಿಲ್ಲ. ಹಾರ್ಗ್ರೋವ್. ತಲೆ ಬೆಳ್ಳಗಾಗಿದೆ, ಕನ್ನಡಕ ಬಂದಿದೆ, ಪ್ರೊಫೆಸರ್ ಅನ್ನುವ ಹೆಸರು ಬಂದಿದೆ, ಮತ್ತೊಂದು ದೇಶದಲ್ಲಿ ಯುದ್ಧ ನಿಂತಿದೆಯಂತೆ, ಅಲ್ಲಿನವರಿಗೆ ಸಂವಿಧಾನ ಬರೆದುಕೊಡುವ ಸಲಹೆಗಾರನೂ ಇವನೇ ಅಂತೆ — ಅವಳನ್ನು ಗುರುತಿಸಲಿಲ್ಲ, ಕೈಕುಲುಕಿ ನೈಸ್ ಟು ಮೀಟ್ ಯು ಅಂದ, ಮೀಟ್ ಅಂತೆ, ಬೋಸ್ನಿಯಾದಲ್ಲಿ ಇವನ ಕಚೇರಿಯ ಬಾಗಿಲಲ್ಲಿ ಬೂಟಿನ ಕೆಸರು ಒಣಗುವ ತನಕ ಕಾಯಿಸಿದ್ದನಲ್ಲ ಅದೇನು. ಬ್ಯಾನರಿನ ಮೇಲೆ ದೊಡ್ಡಕ್ಷರದಲ್ಲಿ ಬೋಸ್ನಿಯಾ, ಶಾಂತಿಯ ಮೂವತ್ತು ವರ್ಷ. ಸಭೆ ನಡೆಸುತ್ತಿರುವ ನಿಹಾರಿಕಾ ಮೈಸೂರಿನವಳು, ಇಲ್ಲಿಯ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಮಗಳು ಹುದಾಳ ಗೆಳತಿ, ಅವಳೇ ಫೋನ್ ಮಾಡಿ ಕರೆದದ್ದು — ಆಂಟಿ, ನೀವು ಕರ್ನಾಟಕ ಪೊಲೀಸಿಂದ ಬೋಸ್ನಿಯಾಕ್ಕೆ ಹೋಗಿದ್ರಂತೆ, ನಂಗೆ ಗೊತ್ತೇ ಇರ್ಲಿಲ್ಲ, ಒಬ್ರು ಇಂಡಿಯನ್ ಲೇಡಿ ಆಫೀಸರ್ ಪ್ಯಾನೆಲ್‌ನಲ್ಲಿದ್ರೆ ತುಂಬಾ ಚೆನ್ನಾಗಿರುತ್ತೆ — ರಾಚೆಸ್ಟರ್ ಹಿಲ್ಸ್‌ನಿಂದ ಹುದಾ ಆಫೀಸಿಗೆ ರಜೆ ಹಾಕಿ ಡ್ರೈವ್ ಮಾಡಿಕೊಂಡು ಕರೆತಂದಳು, ಮನೆಯಿಂದ ಹೊರಟು ಐ-75ರಲ್ಲಿ ದಕ್ಷಿಣಕ್ಕೆ ಹೋಗಿದ್ದರೆ ಬೋಸ್ನಿಯಾದ ಯುದ್ಧ ನಿಲ್ಲಿಸಿದ ಆ ಒಪ್ಪಂದ ಬರೆದ ಊರೇ ಸಿಗುತ್ತಿತ್ತು, ವಿಮಾನದಳದ ನೆಲೆಯೊಳಗೆ ಕೂತು ಬರೆದದ್ದು, ಒಂದು ದೇಶಕ್ಕೆ ಮೂವರು ಅಧ್ಯಕ್ಷರು, ಒಬ್ಬ ಬೋಸ್ನಿಯಾಕ, ಅಂದರೆ ಅಲ್ಲಿನ ಮುಸ್ಲಿಮ, ಒಬ್ಬ ಕ್ರೊಯೇಟ್, ಒಬ್ಬ ಸೆರ್ಬ, ಸರದಿಯ ಮೇಲೆ ಕುರ್ಚಿ. ಬೆಳಿಗ್ಗೆ ಲಿಫ್ಟಿನಲ್ಲಿ ನಿಹಾರಿಕಾ ಮೆಲ್ಲಗೆ, ಆಂಟಿ, ಸ್ವಲ್ಪ ಪಾಸಿಟಿವ್ ಆಗಿ ಮಾತಾಡ್ತೀರಲ್ವಾ, ಪ್ಲೀಸ್. ಪಾಸಿಟಿವ್. ಆಗಲವ್ವ, ಮಾತಾಡ್ತೀನಿ, ಪಾಸಿಟಿವ್ ಆಗೇ ಮಾತಾಡ್ತೀನಿ.

ಈಗ ಇವನು ಅದನ್ನೇ ಹೇಳುತ್ತಿದ್ದಾನೆ, ಹೇಳುವನೆಂದು ಗೊತ್ತಿತ್ತು, ನಾವು ಅವರಿಗೆ ಸಂಸ್ಥೆಗಳನ್ನು ಕೊಟ್ಟೆವು, ನ್ಯಾಯಾಲಯ ಕೊಟ್ಟೆವು, ಒಂದೇ ಪೊಲೀಸ್ ಪಡೆ ಕೊಟ್ಟೆವು, ಆದರೆ ದ್ವೇಷ ಅವರ ನೆತ್ತರಿನಲ್ಲಿತ್ತು, ಇವರು ಒಟ್ಟಿಗೆ ಬಾಳಲಾರರು ಅನ್ನುವುದನ್ನು ಮೊದಲೇ ಒಪ್ಪಿಕೊಂಡು ಬೇಲಿ ಹಾಕಿಬಿಡುವುದೇ ಪ್ರಾಮಾಣಿಕತೆ, ಮುಂದಿನ ದೇಶದಲ್ಲಿ ನಾನು ಕೊಡುವ ಸಲಹೆ ಇಷ್ಟೇ — ಕೊಟ್ಟೆವಂತೆ, ಏನು ಕೊಟ್ಟೆಯೋ, ಯಾರಿಗೆ ಕೊಟ್ಟೆಯೋ, ಆ ನದಿ ದಡದ ಊರಿನ ಠಾಣೆಗೆ ಅವಳು ಮೊದಲ ಸಲ ಕಾಲಿಟ್ಟಾಗ ಒಂದೇ ಕೋಣೆಯಲ್ಲಿ ಎರಡು ಮೇಜು, ಎರಡು ಫೋನು, ಕಾಫಿ ಕುದಿಸಲು ಎರಡು ಒಲೆ, ಈ ಕಡೆ ಸೆರ್ಬ ಪೊಲೀಸರು, ಆ ಕಡೆ ಊರಿಗೆ ಹಿಂದಿರುಗಿದ ಬೋಸ್ನಿಯಾಕರಿಗೆಂದು ಹೊಸದಾಗಿ ಸೇರಿಸಿಕೊಂಡ ಪೊಲೀಸರು, ನಡುವೆ ಒಂದು ಬೀರುವನ್ನು ಗೋಡೆಯ ಹಾಗೆ ಅಡ್ಡ ನಿಲ್ಲಿಸಿದ್ದರು. ಅವಳು ಶಾಂತಿಪಡೆಯ ಪೊಲೀಸ್ ವೀಕ್ಷಕಿ, ಕೈಯಲ್ಲಿ ಪಿಸ್ತೂಲಿಲ್ಲ, ಯಾರನ್ನೂ ಹಿಡಿಯುವ ಅಧಿಕಾರವಿಲ್ಲ, ನೋಡು, ಹೇಳಿಕೊಡು, ವರದಿ ಮಾಡು, ಅಷ್ಟೇ. ಸೆರ್ಬರು ಅವಳ ಹೆಸರು ಕೇಳಿ ಇವಳು ಅವರ ಕಡೆಯವಳು ಅಂದುಕೊಂಡರು, ಬೋಸ್ನಿಯಾಕರೂ ಹೆಸರು ಕೇಳಿ ಇವಳು ನಮ್ಮವಳು ಅಂದುಕೊಂಡರು, ಹಾವೇರಿಯಲ್ಲೂ ಹೀಗೇ, ಮೆರವಣಿಗೆಯ ಬಂದೋಬಸ್ತಿಗೆ ನಿಂತಾಗ ಎರಡೂ ಕಡೆಯವರು ಮೊದಲು ಎದೆಯ ಮೇಲಿನ ಹೆಸರಿನ ಪಟ್ಟಿ ಓದುತ್ತಿದ್ದರು, ಆಮೇಲೆ ಮುಖ, ಪೊಲೀಸ್ ಟೋಪಿ ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ — ಆ ಸಿಟ್ಟು ಬೇರೆ, ಅದು ಹಳೆಯದು, ಅದನ್ನು ಈಗ ತರಬೇಡ, ಮೂಗಿನಲ್ಲಿ ಉಸಿರು ತಗೋ. ಹಾವೇರಿಯಿಂದ ಅವಳು ಒಯ್ದದ್ದು ಸಿಟ್ಟಲ್ಲ, ಶಾಂತಿ ಸಭೆಯ ಚಹಾ, ಹಬ್ಬಕ್ಕೆ ಮುಂಚೆ ಎರಡೂ ಕೋಮಿನ ಹಿರಿಯರನ್ನು ಠಾಣೆಗೆ ಕರೆದು ಒಂದೇ ಕೆಟಲಿನಿಂದ ಬಗ್ಗಿಸಿ ಕೊಡುವ ಚಹಾ, ಕುಡಿಯುವ ತನಕ ಯಾರೂ ಎದ್ದು ಹೋಗುವಂತಿಲ್ಲ. ಅದನ್ನೇ ಮಾಡಿದಳು, ಒಂದು ಒಲೆಯನ್ನು ಹೊತ್ತುಕೊಂಡು ಹೋಗಿ ತನ್ನ ಬಾಡಿಗೆ ಕೋಣೆಯಲ್ಲಿ ಇಟ್ಟುಕೊಂಡಳು, ನಗುವಂತಿದ್ದರೆ ನಗಲಿ, ಕಾಫಿ ಬೇಕಾದವರು ಬೀರು ದಾಟಿ ಬರಲೇಬೇಕಾಯಿತು. ಮೊದಲು ಬಂದವನು ಜೋರಾನ್, ಸೆರ್ಬ, ಎತ್ತರದ ಆಳು, ಮಾತು ಕಡಿಮೆ, ಬೋಸ್ನಿಯಾಕ್ ಹುಡುಗಿ ಮಿರ್ಸಾದಾ ಅವನಿಗೆ ಬಗ್ಗಿಸಿಕೊಟ್ಟಳು, ಮುಖ ನೋಡಲಿಲ್ಲ, ಸಕ್ಕರೆ ಎಷ್ಟು ಅಂತ ಮಾತ್ರ ಕೇಳಿದಳು, ಅಷ್ಟೇ, ಬೇರೇನೂ ಆಗಲಿಲ್ಲ, ಅವೊತ್ತಿಗೆ ಅಷ್ಟು ಸಾಕಿತ್ತು.

ಆಮೇಲೆ ಫಾತಾಳ ಬಣವೆಗೆ ಬೆಂಕಿ ಬಿತ್ತು. ಫಾತಾ ಅಂದರೆ ಯುದ್ಧ ಮುಗಿದ ಮೇಲೆ ಗುಡ್ಡದ ಹಳ್ಳಿಗೆ ಒಬ್ಬಳೇ ವಾಪಸು ಬಂದ ಮುದುಕಿ, ಇಬ್ಬರು ಗಂಡುಮಕ್ಕಳನ್ನು ತೊಂಬತ್ತೆರಡರಲ್ಲಿ ಸೇತುವೆಯ ಹತ್ತಿರ ಬಂದೂಕು ಹಿಡಿದ ಸೆರ್ಬರು ಅವಳ ಕಣ್ಣೆದುರೇ ಬಸ್ಸಿನಿಂದ ಇಳಿಸಿಕೊಂಡು ಹೋಗಿದ್ದರು, ಮತ್ತೆ ಬರಲಿಲ್ಲ, ಇವಳು ಬಂದಳು, ಸೂರಿಲ್ಲದ ಮನೆಗೆ ಪ್ಲಾಸ್ಟಿಕ್ ಹೊದಿಸಿ ಒಂದು ಹಸು ಕಟ್ಟಿದಳು. ನಡುಮಧ್ಯಾಹ್ನ ಬಣವೆ ಉರಿಯುತ್ತಿದೆ, ಪಕ್ಕದ ಹಳ್ಳಿಯವರು ಮೊದಲು ಒಂದು ಫೋನಿಗೆ ಮಾಡಿದರು, ಅದು ಆ ಮೇಜಿನ ಕೆಲಸ ಅಂದರು, ಆ ಫೋನಿಗೆ ಮಾಡಿದರು, ಇದು ಈ ಮೇಜಿನ ಕೆಲಸ ಅಂದರು, ಎರಡೂ ಮೇಜಿನವರು ಎದ್ದು ನಿಂತು ಬೀರುವಿನ ಮೇಲಿಂದ ಬೈದಾಡಿಕೊಳ್ಳುತ್ತಿದ್ದಾರೆ, ಕಿಟಕಿಯಲ್ಲಿ ಹೊಗೆ ಕಾಣುತ್ತಿದೆ, ಮುಸರ್ರತ್ ಕೂಗಿದಳು, ಇಂಗ್ಲಿಷಿನಲ್ಲಿ ಶುರುವಾದದ್ದು ಕನ್ನಡದಲ್ಲಿ ಮುಗಿಯಿತು, ಯಾರಿಗೂ ಅರ್ಥವಾಗಲಿಲ್ಲ, ಎಲ್ಲರಿಗೂ ಅರ್ಥವಾಯಿತು. ಜೋರಾನ್ ಜೀಪಿನ ಕೀಲಿ ತೆಗೆದುಕೊಂಡ, ಮಿರ್ಸಾದಾ ಹಿಂದೆಯೇ ಓಡಿದಳು. ಬಣವೆ ಹೋಯಿತು, ಹಸು ಉಳಿಯಿತು. ಮರುದಿನ ಜೋರಾನ್ ಮನೆಯಿಂದ ಗರಗಸ ತಂದು ಎತ್ತರದ ಮೇಜಿನ ಕಾಲುಗಳನ್ನು ಕೊಯ್ದು ಎರಡನ್ನೂ ಒಂದೇ ಮಟ್ಟಕ್ಕೆ ತಂದ, ಜೋಡಿಸಿದರು, ಬೀರುವನ್ನು ಗೋಡೆಗೆ ಸರಿಸಿದರು, ಒಂದು ಫೋನು ಸಾಕೆಂದರು — ಇದು ಸಂಸ್ಥೆ ಕಣಯ್ಯಾ ಹಾರ್ಗ್ರೋವ್, ಇದನ್ನು ನೀನು ಕೊಡಲಿಲ್ಲ, ಅವರೇ ಗರಗಸ ಹಿಡಿದು ಮಾಡಿಕೊಂಡದ್ದು, ಆಮೇಲೆ ಆ ಗುಡ್ಡದ ಹಳ್ಳಿಗಳಲ್ಲಿ ಒಂದು ಕಡ್ಡಿಯೂ ಉರಿಯಲಿಲ್ಲ, ಆ ಇಬ್ಬರೂ ಗಸ್ತಿಗೆ ಹೋದಾಗಲೆಲ್ಲ ಫಾತಾ ಕಾಫಿಗೆ ಕರೆಯುತ್ತಿದ್ದಳು, ಬೂಟು ಹೊರಗೆ ಬಿಡಿ, ಇದು ಮನೆ, ಅನ್ನುತ್ತಿದ್ದಳು, ಬಾಗಿಲಲ್ಲಿ ನಾಲ್ಕು ಪೊಲೀಸ್ ಬೂಟು ಸಾಲಾಗಿ.

ಓವರ್ ಟು ಯು, ಮುಸರ್ರತ್ ಆಂಟಿ — ನಿಹಾರಿಕಾ ಸಭೆಯಲ್ಲೂ ಆಂಟಿ ಅಂದುಬಿಟ್ಟಳು, ಜನ ನಕ್ಕರು, ಮೈಕು ಕೈಗೆ ಬಂತು, ಭಾರವಾಗಿದೆ, ಮುಂದಿನ ಸಾಲಿನಲ್ಲಿ ಹುದಾ, ಅವಳ ಹಿಂದೆ ಮಿರ್ಸಾದಾ, ಹೌದು, ಅದೇ ಮಿರ್ಸಾದಾ, ಈಗ ಇದೇ ಊರಿನವಳು, ವಿಮಾನಕ್ಕೆ ಹೋಗುವ ಸರಕಿನ ಗೋದಾಮಿನಲ್ಲಿ ಕೆಲಸ, ಮುಸರ್ರತ್ ಫೋನ್ ಮಾಡಿ ನೀನು ಬರಲೇಬೇಕು ಅಂದಿದ್ದಕ್ಕೆ ಕೆಲಸದ ಜಾಕೆಟ್ಟಿನಲ್ಲೇ ಬಂದು ಕೂತಿದ್ದಾಳೆ, ಮಡಿಲಲ್ಲಿ ಕೈಗವಸು. ಮುಸರ್ರತ್ ಮಾತಾಡಿದಳು. ಒಲೆ ಹೇಳಿದಳು, ಮೇಜು ಹೇಳಿದಳು, ಜನ ಮತ್ತೆ ನಕ್ಕರು, ಒಳ್ಳೆಯ ನಗು, ಆಮೇಲೆ ಮೇಲಧಿಕಾರಿಯ ಹುದ್ದೆಯ ಕಥೆಗೆ ಬಂದಳು, ಪರೀಕ್ಷೆಯಲ್ಲಿ ಮಿರ್ಸಾದಾ ಎಲ್ಲರಿಗಿಂತ ಮುಂದೆ, ಆದರೆ ಆ ಊರಿನ ಠಾಣಾಧಿಕಾರಿ ಸೆರ್ಬನೇ ಆಗಿರಬೇಕು, ಸಹಾಯಕ ಬೋಸ್ನಿಯಾಕ ಆಗಿರಬೇಕು, ಸೂತ್ರ ಹಾಗಿತ್ತು, ಹಾಗಾದರೆ ಜೋರಾನ್ ಆಗಲಿ ಅಂದರು, ಜೋರಾನ್ ಒಲ್ಲೆ ಅಂದ, ಅವಳು ನನಗಿಂತ ಚೆನ್ನಾಗಿ ನಡೆಸುತ್ತಾಳೆ, ನಾನು ಜೀಪು ಓಡಿಸುತ್ತೇನೆ ಅಂದ. ಸೂತ್ರ ಬರೆದ ವಿದೇಶಿಯರ ಕಚೇರಿಗೆ ಆ ಮಾತು ಯಾವ ಜಾತಿಯ ಮಾತೆಂದೇ ತಿಳಿಯಲಿಲ್ಲ. ಬೇರೆ ಊರಿನಿಂದ ಮೂರನೆಯವನನ್ನು ತಂದರು, ಸೆರ್ಬ ಪಕ್ಷದವರು ಸೂಚಿಸಿದವನು, ಹಳ್ಳಿಯವರು ಗುಸುಗುಸು ಅಂದರು, ಸೇತುವೆಯ ಹತ್ತಿರ ಬಸ್ಸು ನಿಲ್ಲಿಸಿದವನು ಇವನೇ, ಮುಸರ್ರತ್ ಆ ಮಾತು ಹೊತ್ತು ಕಚೇರಿಗೆ ಹೋದಳು, ಕಾದಳು, ಒಳಗಿದ್ದ ಯುವಕ ಕೇಳಿದ, ಕೋರ್ಟು ಇವನಿಗೆ ಶಿಕ್ಷೆ ಕೊಟ್ಟಿದೆಯೇ. ಇಲ್ಲ, ಆದರೆ ಒಂದು ವಾರ ತಡೆಯಿರಿ, ಹಳ್ಳಿಯವರನ್ನು ಕರೆತರುತ್ತೇನೆ, ಅವರ ಮಾತು ಕೇಳಿ, ಅಂದಳು. ಸದ್ಯಕ್ಕೆ ಸಮತೋಲನ ಮುಖ್ಯ, ಆಫೀಸರ್, ಅಂದ. ಆ ಯುವಕ ಇಲ್ಲೇ ಕೂತಿದ್ದಾನೆ, ಅಂದಳು ಮುಸರ್ರತ್ ಮೈಕಿನಲ್ಲಿ, ನನ್ನ ಎಡಗಡೆ. ಯಾರೂ ನಗಲಿಲ್ಲ. ಹುದಾಳ ತುಟಿ ಆಡಿತು, ಅಮ್ಮೀ, ಜಸ್ಟ್ ಬ್ರೀದ್, ಉಸಿರಾಡುತ್ತಲೇ ಇದ್ದೇನಲ್ಲೇ, ಉಸಿರು ನಿಂತದ್ದು ಬೇರೆಯವರದು.

ಆಮೇಲಿನದನ್ನು ಹೇಳಬಾರದೆಂದೇ ಬಂದಿದ್ದಳು, ಬಾಯಿ ಹೇಳಿಬಿಟ್ಟಿತು. ಹಿಮ ಬಿದ್ದಿತ್ತು, ಫಾತಾ ಮೊದಲ ಸಲ ತಾನಾಗಿ ಠಾಣೆಗೆ ಬಂದಳು, ಬೇಲಿ ಕಿತ್ತಿದ್ದಾರೆ ಅಂತ ದೂರು ಕೊಡಲು, ಬಾಗಿಲಲ್ಲಿ ಬಗ್ಗಿ ಕಪ್ಪು ರಬ್ಬರಿನ ಚಪ್ಪಲಿಗಳನ್ನು ಬಿಚ್ಚಿಟ್ಟಳು, ಠಾಣೆಯ ಬಾಗಿಲಲ್ಲಿ ಯಾರೂ ಬಿಚ್ಚುವುದಿಲ್ಲ, ಇವಳು ಬಿಚ್ಚಿದಳು, ಅವರು ನನ್ನ ಮನೆಯಲ್ಲಿ ಬಿಚ್ಚುತ್ತಾರಲ್ಲ ಅಂತಲೋ ಏನೋ, ಉಣ್ಣೆಯ ಕಾಲುಚೀಲದಲ್ಲಿ ಒಳಗೆ ನಾಲ್ಕು ಹೆಜ್ಜೆ ಬಂದಳು, ಜೋಡಿಸಿದ ಮೇಜಿನ ಹಿಂದೆ ಆ ಮೂರನೆಯವನು ತಲೆಯೆತ್ತಿದ. ಹೇಳಿ, ಅಜ್ಜಿ, ಏನಾಗಬೇಕಿತ್ತು, ಅಂದ, ಮರ್ಯಾದೆಯಿಂದಲೇ ಅಂದ. ಫಾತಾ ಕಿರುಚಲಿಲ್ಲ. ನೋಡಿದಳು. ತಿರುಗಿದಳು. ಚಪ್ಪಲಿ ಮೆಟ್ಟಿಕೊಳ್ಳದೆ ಹಿಮದಲ್ಲಿ ನಡೆದು ಹೋದಳು, ಮಿರ್ಸಾದಾ ಹಿಂದೆ ಓಡಿದಳು, ಗುಡ್ಡದ ತನಕ ಓಡಿದಳು, ಫಾತಾ ಅವಳನ್ನೂ ಬಾಗಿಲೊಳಗೆ ಬಿಟ್ಟುಕೊಳ್ಳಲಿಲ್ಲ, ಅದೇ ವಾರ ಹಸು ಮಾರಿ ಸರಾಯೆವೊದ ಮಗಳ ಮನೆಗೆ ಹೊರಟುಹೋದಳು, ಮಿರ್ಸಾದಾ ರಾಜೀನಾಮೆ ಕೊಟ್ಟಳು, ಜೋರಾನ್ ಕೊಟ್ಟ, ಆ ಮೂರನೆಯವನು ಈಗ ಪಿಂಚಣಿ ತಿನ್ನುತ್ತ ನದಿಯಲ್ಲಿ ಮೀನು ಹಿಡಿಯುತ್ತಾನಂತೆ.

ಹಾರ್ಗ್ರೋವ್ ತಲೆಯಾಡಿಸುತ್ತಾನೆ, ನಿಧಾನವಾಗಿ, ಸಾವಿನ ಮನೆಯಲ್ಲಿ ಆಡಿಸುವ ಹಾಗೆ, ಥ್ಯಾಂಕ್ ಯೂ, ಮನಕಲಕುವ ಸಂಗತಿ, ನಾನು ಹೇಳುತ್ತಿದ್ದದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ, ನೋಡಿ, ಎಷ್ಟು ಮಾಡಿದರೂ ಒಂದೇ ಸೂರಿನಡಿ ಅವರು — ಏನಂದ, ಏನಂದ ಇವನು, ಮುಸರ್ರತ್‌ಗೆ ಕಿವಿಯಲ್ಲಿ ವಿಮಾನ ಹಾರಿತು, ತನ್ನ ಕಥೆಯನ್ನು ಇವನು ತಟ್ಟೆಗೆ ಹಾಕಿಕೊಂಡು ತಿಂದುಬಿಟ್ಟ, ಬಾಯಿ ಒರೆಸಿಕೊಳ್ಳುತ್ತಿದ್ದಾನೆ. ಆಗ ಮಿರ್ಸಾದಾ ಎದ್ದಳು. ಮೈಕು ಯಾರೂ ಕೊಡಲಿಲ್ಲ, ಅವಳಿಗೆ ಬೇಕಾಗಿಯೂ ಇರಲಿಲ್ಲ. ಯಾರು ಒಟ್ಟಿಗೆ ಬಾಳಲಾರರು, ಸರ್, ಅಂದಳು, ನನ್ನ ಮಗನಿಗೆ ಡ್ರೈವಿಂಗ್ ಕಲಿಸಿದವನು ಜೋರಾನ್, ಇದೇ ಡೆಸ್ ಪ್ಲೇನ್ಸ್‌ನಲ್ಲಿ, ಭಾನುವಾರ ಭಾನುವಾರ, ಈಗ ಅವನು ಲಾರಿಯಲ್ಲಿ ಎಲ್ಲೋ ಅಯೋವಾದಲ್ಲಿದ್ದಾನೆ, ಇಲ್ಲದಿದ್ದರೆ ಇಲ್ಲೇ ಕೂರುತ್ತಿದ್ದ. ನಾವು ಬಾಳುತ್ತಿದ್ದೆವು. ನೀವು ಆ ಕುರ್ಚಿಯಲ್ಲಿ ಬಸ್ಸು ನಿಲ್ಲಿಸಿದವನನ್ನು ಕೂರಿಸಿದಿರಿ. ಕೂತಳು, ಕೈಗವಸು ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ಈಗಲಾದರೂ, ಈಗಲಾದರೂ ಇವನ ದನಿ — ಇಲ್ಲ, ಪೆನ್ನು ತೆಗೆದ, ಆ ಸ್ವಚ್ಛ ಬೆರಳುಗಳಲ್ಲಿ ಪೆನ್ನು ಹಿಡಿದು ಮುಸರ್ರತ್ ಕಡೆ ಬಾಗಿದ, ಆ ಮುದುಕಿಯ ಪೂರ್ತಿ ಹೆಸರು ಏನು, ಮುಂದಿನ ತಿಂಗಳ ಮಾತುಕತೆಯಲ್ಲಿ ಇದನ್ನು ಉದಾಹರಣೆಯಾಗಿ ಹೇಳಬಹುದೇ. ಉದಾಹರಣೆ. ಕೊಡಂಗಿಲ್ಲ, ಅಂದಳು ಮುಸರ್ರತ್, ಕನ್ನಡದಲ್ಲೇ ಬಂತು, ಹಾವೇರಿಯ ಠಾಣೆಯಲ್ಲಿ ಬರುತ್ತಿದ್ದ ದನಿಯಲ್ಲಿ ಬಂತು, ಆಕೀ ಹೆಸರ ನಿನಗ ಕೊಡಂಗಿಲ್ಲ, ಇನ್ನೊಂದು ದೇಶಕ್ಕ ಬೇಲಿ ಹಾಕಾಕ ಆಕೀ ಹೆಸರ ಕೊಡಂಗಿಲ್ಲ, ಹೋಗು. ಹಾರ್ಗ್ರೋವ್ ನಿಹಾರಿಕಾ ಕಡೆ ನೋಡಿದ, ಏನಂದರು. ಲಿಫ್ಟಿನ ಪ್ಲೀಸ್ ಈಗ ನಿಹಾರಿಕಾಳ ಮುಖದಲ್ಲಿ ಇರಲಿಲ್ಲ, ಮೈಕು ಹತ್ತಿರ ತಂದು ಒಂದೊಂದೇ ಪದ ಇಂಗ್ಲಿಷಿಗೆ ತಂದಳು, ಒಂದನ್ನೂ ಮೆತ್ತಗೆ ಮಾಡಲಿಲ್ಲ, ಕೊನೆಯ ಹೋಗು ಕೂಡ. ಹಾರ್ಗ್ರೋವ್ ಪೆನ್ನಿನ ಮುಚ್ಚಳ ಹಾಕಿದ.

ಚಪ್ಪಾಳೆಯೋ ಏನೋ, ಕುರ್ಚಿ ಸರಿಸುವ ಸದ್ದು, ಊಟ ಪಕ್ಕದ ಹಾಲಿನಲ್ಲಿ ಅಂತ ಯಾರೋ ಹೇಳುತ್ತಾರೆ, ಹುದಾ ಮೆಟ್ಟಿಲು ಹತ್ತಿ ಬರುತ್ತಿದ್ದಾಳೆ, ಮುಸರ್ರತ್ ಇನ್ನೂ ಎದ್ದಿಲ್ಲ, ಗೆದ್ದೆಯಾ, ಏನು ಗೆದ್ದೆ, ಮುಂದಿನ ತಿಂಗಳು ಇವನು ವಿಮಾನ ಹತ್ತುತ್ತಾನೆ, ಹೆಸರಿಲ್ಲದೆಯೂ ಹೇಳುತ್ತಾನೆ, ಒಬ್ಬ ಮುದುಕಿ ಇದ್ದಳು ಅನ್ನುತ್ತಾನೆ, ಬೇಲಿ ಹಾಕುತ್ತಾನೆ, ಸಿಟ್ಟು ಇಳಿಯುತ್ತಿಲ್ಲ, ಎದೆಯಿಂದ ಕೈಗೆ, ಕೈಯಿಂದ ಬೆರಳಿಗೆ, ಮಗಳು ಅಮ್ಮೀ ಅನ್ನುತ್ತಾಳೆ, ಲೆಟ್ಸ್ ಗೋ ಹೋಮ್ ಅನ್ನುತ್ತಾಳೆ, ಹೂಂ, ಹೋಗೋಣ, ಎದ್ದೆ, ಏಳುತ್ತೇನೆ, ಫಾತಾ ಹಿಮದಲ್ಲಿ ನಡೆದುಹೋದ ಆ ಸಂಜೆ ಠಾಣೆಯಲ್ಲಿ ಎಲ್ಲರೂ ಹೋದ ಮೇಲೂ ಅವು ಅಲ್ಲೇ ಇದ್ದವು, ಯಾರೂ ಮುಟ್ಟಲಿಲ್ಲ, ದಾಟಿಕೊಂಡು ಹೋದರು, ಹೊಸಿಲಿನಲ್ಲಿ ಕಪ್ಪು ರಬ್ಬರಿನ ಎರಡು ಚಪ್ಪಲಿ, ಒಳಗೆ ಕೆಂಪು ಬಟ್ಟೆ, ಕರಗಿದ ಹಿಮದ ನೀರು, ಅಚ್ಚುಕಟ್ಟಾಗಿ ಜೋಡಿಸಿಟ್ಟದ್ದು, ಬೆರಳಿನ ಕಡೆ ಒಳಮುಖವಾಗಿ, ಒಳಗೆ ಬರುವವರ ಹಾಗೆ, ಒಳಮುಖವಾಗಿ,