ಕಾಳಿನೊಳಗೇ ನಿಂತ ಗೆರೆ

ಹೂಗುಚ್ಛಕ್ಕೆ ಅಂಟಿಸಿದ್ದ ಚೀಟಿಯನ್ನು ಪ್ರೊಫೆಸರ್ ಉಗುರಿನಿಂದ ಕೆರೆಯುತ್ತಿದ್ದಳು. ‘ಹಾರ್ದಿಕ’ ಕಿತ್ತು ಬಂದಿತ್ತು. ‘ಅಭಿನಂದನೆಗಳು’ ಮಾತ್ರ ಪ್ಲಾಸ್ಟಿಕ್ಕಿಗೆ ಕಚ್ಚಿಕೊಂಡು ಕೂತಿತ್ತು. ಮೇಲಿನ ಮಹಡಿಯಿಂದ ಅಳು ಕೇಳುತ್ತಿತ್ತು. ನಿನ್ನೆ ಸಂಜೆ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಪ್ರಶಸ್ತಿಯ ಜೊತೆಗೆ ಅವಳಿಗೇ ಕೊಟ್ಟ ಹೂವು ಅದು. ಬೆಳಿಗ್ಗೆ ಸಾವಿನ ಸುದ್ದಿ ಅವಳಿಗೆ ತಲುಪಿದಾಗ ಅಂಗಡಿಗಳು ತೆರೆದಿರಲಿಲ್ಲ. ಬರಿಗೈಯಲ್ಲಿ ಹೋಗುವುದು ಹೇಗೆಂದು ಕಾರಿನ ಹಿಂದಿನ ಸೀಟಿನಲ್ಲಿ ಬಿದ್ದಿದ್ದುದನ್ನೇ ಎತ್ತಿಕೊಂಡು ಬಂದಿದ್ದಳು.

ಭೂವಿಜ್ಞಾನ ವಿಭಾಗದ ಅಟೆಂಡರ್ ಮೆಟ್ಟಿಲಿಳಿದು ಬಂದ. ನಿನ್ನೆ ಅದೇ ಸಭಾಂಗಣದಲ್ಲಿ ಕುರ್ಚಿ ಜೋಡಿಸಿದವನು. ಹೂವನ್ನೂ ನೋಡಿದ, ಅವಳ ಉಗುರನ್ನೂ ನೋಡಿದ.

“ಪ್ಲಾಸ್ಟಿಕ್ಕೇ ಬಿಚ್ಚಿಬಿಡಿ ಮೇಡಂ,” ಎಂದು ತಾನೇ ಈಸಿಕೊಂಡು ಸರ‍್ರನೆ ಸುಲಿದು, ಮುದ್ದೆ ಮಾಡಿ ಜೇಬಿಗೆ ತುರುಕಿಕೊಂಡ. ಬರಿ ಹೂವನ್ನು ಅವಳ ಕೈಗೆ ಕೊಡುವಾಗ ಮುಖ ಬೇರೆ ಕಡೆ ತಿರುಗಿಸಿದ್ದ.

ಮೇಲೆ ಎರಡು ಕೋಣೆಯ ಮನೆ. ಸಾಣೆಯಣ್ಣನನ್ನು ಕಿಟಕಿಯ ಪಕ್ಕ ಮಲಗಿಸಿದ್ದರು. ಕಲ್ಲು ಉಜ್ಜುವ ಕೆಲಸದವನಿಗೆ ವಿಭಾಗದಲ್ಲಿ ಯಾರೋ ಇಟ್ಟಿದ್ದ ಹೆಸರು ಅದು, ಅದೇ ನಿಂತುಬಿಟ್ಟಿತ್ತು. ನಿನ್ನೆ ಸಮಾರಂಭಕ್ಕೆಂದು ಶರ್ಟು ಇಸ್ತ್ರಿ ಮಾಡಿಟ್ಟು, ಒಂದು ಗಳಿಗೆ ಅಡ್ಡಾಗುತ್ತೇನೆ ಎಂದು ಮಲಗಿದವನು ಎದ್ದಿರಲಿಲ್ಲ. ಆ ಶರ್ಟನ್ನೇ ಹಾಕಿದ್ದರು.

“ಕೈ ನೋಡಿ,” ಎಂದ ಸತ್ತವನ ಮೈದುನ, ಕೂತವರೆಲ್ಲರಿಗೂ. “ಬೆರಳ ತುದಿ ಉಜ್ಜಿ ಉಜ್ಜಿ ಗಾಜು ಆಗ್ಬಿಟ್ಟಿದೆ. ಆಫೀಸಿನ ಹಾಜರಿ ಮಷೀನು ಭಾವನ್ನ ಒಪ್ಪಿಕೊಳ್ತಾನೇ ಇರ್ಲಿಲ್ಲ. ಇಪ್ಪತ್ತಾರು ವರ್ಷ ದಿನಾ ಹೋದೋನಿಗೆ, ಯಾರಪ್ಪಾ ನೀನು, ಅಂತಿತ್ತು.”

ಅಳುತ್ತಿದ್ದವರೂ ನಕ್ಕರು. ಹೆಂಡತಿಯೂ ಸೆರಗಿನ ಮರೆಯಲ್ಲಿ ನಕ್ಕು, ಕಣ್ಣೊರೆಸಿಕೊಂಡಳು.

“ಮಷೀನು ಒಪ್ಪದಿದ್ರೆ ಬಿಡು. ಮೇಡಂ ಬರೆದಿರೋದ್ರಲ್ಲಿ ಹೆಸರು ಬಂತಲ್ಲ, ಅಷ್ಟು ಸಾಕು ಅಂತಿದ್ರು.” ಹಾಗೆಂದು ಪ್ರೊಫೆಸರಿಗೆ ಜಾಗ ಮಾಡಿಕೊಟ್ಟಳು. “ಕೂತ್ಕೊಳ್ಳಿ ಮೇಡಂ. ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತಲೇ ಇದ್ದೆ.”

ಪ್ರೊಫೆಸರ್ ಕೂತಳು. ಹೂವನ್ನು ಸತ್ತವನ ಕಾಲ ಬಳಿ ಇಟ್ಟಳು.

*

ಕಲ್ಲಿನ ಚೂರನ್ನು ಗಾಜಿನ ಪಟ್ಟಿಗೆ ಅಂಟಿಸಿ, ಅದರೊಳಗಿಂದ ಬೆಳಕು ತೂರುವಷ್ಟು ತೆಳ್ಳಗೆ ಉಜ್ಜುವುದು ಸಾಣೆಯಣ್ಣನ ಕೆಲಸ. ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಅವನ ಚಕ್ರ ತಿರುಗುತ್ತಿತ್ತು. ಒಂದು ಸುತ್ತು ಹೆಚ್ಚಾದರೆ ಕಲ್ಲೇ ಇರುವುದಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಬೆರಳಿಗೇ ಗೊತ್ತಿರಬೇಕು.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಪ್ರೊಫೆಸರ್ ಗಾಜಿನ ಪಟ್ಟಿಯೊಂದನ್ನು ಹಿಡಿದು ಅಲ್ಲಿಗೆ ಇಳಿದು ಬಂದಿದ್ದಳು.

“ಇದೇನಿದು, ಪೂರ್ತಿ ಗೀಚಿಹೋಗಿದೆ? ಉಜ್ಜೋಕೆ ಒರಟು ಪುಡಿ ಹಾಕಿದೀರ. ಇನ್ನೊಂದ್ಸಲ ಮಾಡಿ.”

ಅವನು ಕೈ ಒರೆಸಿಕೊಂಡು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದ.

“ಇದು ನನ್ನ ಗೆರೆ ಅಲ್ಲ ಮೇಡಂ.”

“ಮತ್ತೆ ಯಾರದು?”

“ನಾನು ಗೀಚಿದ್ರೆ ಕಲ್ಲಿನ ಒಂದು ಕಾಳಿಂದ ಇನ್ನೊಂದು ಕಾಳಿಗೆ ಸೀದಾ ದಾಟ್ಕೊಂಡು ಹೋಗ್ಬೇಕಿತ್ತು. ಇವು ಆ ಕಾಳೊಳಗೇ ಹುಟ್ಟಿ ಅಲ್ಲೇ ನಿಂತಿವೆ. ಕಲ್ಲಿಗೇ ಯಾವತ್ತೋ ಏಟು ಬಿದ್ದಿದೆ.”

“ನಂಗೆ ಪಾಠ ಹೇಳ್ಬೇಡಿ. ಹೇಳಿದಷ್ಟು ಮಾಡಿ.”

ಅವನು ಹೇಳಿದ್ದಕ್ಕಿಂತ ಹೆಚ್ಚು ಮಾಡಿದ. ಅದೇ ಚೀಲದ ಕಲ್ಲಿನಲ್ಲಿ ಹನ್ನೊಂದು ಹೊಸ ಪಟ್ಟಿ ಉಜ್ಜಿ, ರಜದ ದಿನವೂ ಬಂದು ಮುಗಿಸಿ, ಒಂದು ಮಾತೂ ಆಡದೆ ಅವಳ ಮೇಜಿನ ಮೇಲಿಟ್ಟು ಹೋದ. ಹನ್ನೊಂದರಲ್ಲೂ ಗೆರೆಗಳು ಕಾಳಿನೊಳಗೇ ನಿಂತಿದ್ದವು. ಆ ಕಲ್ಲು ಬಂದಿದ್ದ ಊರಾಚೆಯ ದುಂಡನೆಯ ಕೆರೆಯನ್ನು ಎಲ್ಲರೂ ಆರಿದ ಜ್ವಾಲಾಮುಖಿ ಎಂದು ತಿಳಿದಿದ್ದರು. ಅದು ಆಕಾಶದಿಂದ ಬಿದ್ದ ಬಂಡೆ ತೋಡಿದ ಗುಂಡಿ ಎಂದು ಲೋಕಕ್ಕೆ ಗೊತ್ತಾದದ್ದು ಆ ಪಟ್ಟಿಗಳಿಂದ.

*

ಹೆಂಡತಿ ಬೀರುವಿನಿಂದ ಪ್ಲಾಸ್ಟಿಕ್ ಲಕೋಟೆಯೊಂದನ್ನು ತಂದಳು. ಒಳಗೆ ಆ ಕೆರೆಯ ಬಗ್ಗೆ ಪ್ರೊಫೆಸರ್ ಬರೆದ ಲೇಖನದ ಪ್ರತಿ. ಮೂಲೆ ಕೂಡ ಮಡಿಸಿರಲಿಲ್ಲ.

“ಕೊನೇ ಪುಟದಲ್ಲಿ ಸಣ್ಣಕ್ಷರದಲ್ಲಿದೆ, ಆ ಭಾಷೆ ನಿಂಗೆ ಓದಕ್ಕೆ ಬರಲ್ಲ, ಅಂತಿದ್ರು. ಅವರನ್ನ ತಗೊಂಡು ಹೋಗೋ ಮುಂಚೆ ಒಂದ್ಸಲ ಪಕ್ಕ ಕೂತು ಓದ್ಬಿಡಿ ಮೇಡಂ. ಎಲ್ರೂ ಕೇಳಲಿ.”

ಬಸ್ ಕಂಡಕ್ಟರ್ ಆಗಿದ್ದ ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. “ಅಮ್ಮಾ, ಈಗ ಯಾಕೆ? ಬಿಡು,” ಎಂದಳು.

“ಈಗಲ್ದೆ ಇನ್ಯಾವಾಗ ಕೇಳ್ಲೇ?”

ಮಗಳು ಪ್ರೊಫೆಸರನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇವಳಿಗೆ ಎಲ್ಲ ಗೊತ್ತು ಎಂದು ಪ್ರೊಫೆಸರಿಗೆ ಆ ಕ್ಷಣವೇ ತಿಳಿಯಿತು.

*

ಕೃತಜ್ಞತೆಗೆ ಪತ್ರಿಕೆಯವರು ಕೊಟ್ಟದ್ದು ಐದು ಸಾಲು. ಅನುದಾನ ಕೊಟ್ಟವರು, ನಿರ್ದೇಶಕರು, ಜೀಪು ಕೊಟ್ಟ ಸಹೋದ್ಯೋಗಿ. ಅವಳ ಕರಡಿನ ಆರನೆಯ ಸಾಲಿನಲ್ಲಿ ‘ನಮ್ಮ ಪ್ರಯೋಗಾಲಯದ ಸಾಣೆಯಣ್ಣ’ ಎಂದಿತ್ತು. ಪೂರ್ತಿ ಹೆಸರನ್ನು ಆಮೇಲೆ ಕಚೇರಿಯಲ್ಲಿ ಕೇಳಿ ಹಾಕೋಣವೆಂದು ಬಿಟ್ಟಿದ್ದಳು. ಆಮೇಲೆ ಆ ಸಾಲನ್ನೇ ಅಳಿಸಿದಳು. ಮುಂದಿನ ಲೇಖನದಲ್ಲಿ ಹಾಕಿದರಾಯಿತು ಎಂದುಕೊಂಡಳು. ವಿಶ್ವವಿದ್ಯಾಲಯದ ವಾರ್ತಾಪತ್ರದಲ್ಲಿ ‘ಇತ್ತೀಚಿನ ಸಾಧನೆಗಳು’ ಎಂಬ ಪುಟದಲ್ಲಿ ಅವಳ ಫೋಟೊ ಬಂತು. ಚಕ್ರದ ಹತ್ತಿರ ನಿಂತು ತೆಗೆಸಿದ್ದು. ಅಂಚಿನಲ್ಲಿ ಕತ್ತರಿಸಿ ಉಳಿದ, ಸಾಣೆಯಣ್ಣನ ಬೂದು ಕೋಟಿನ ಮೊಣಕೈಯೊಂದಿತ್ತು.

ಸಾಣೆಯಣ್ಣ ಲೇಖನದ ಪ್ರತಿ ಬೇಕೆಂದು ಕೇಳಿಕೊಂಡು ಬಂದಿದ್ದ. ಅವಳ ಎದುರಿಗೇ ಒಂದೊಂದೇ ಪುಟ ತಿರುವಿದ. ಕೊನೆಯ ಪುಟದಲ್ಲಿ ನುಣುಪಾದ ಬೆರಳು ಸಾಲುಗಳ ಕೆಳಗೆ ಮೆಲ್ಲಗೆ ಸರಿಯಿತು, ತುದಿ ಮುಟ್ಟಿತು, ಮತ್ತೆ ಮೊದಲಿಗೆ ಬಂತು.

“ಫೋಟೊ ಚೆನ್ನಾಗಿ ಬಂದಿವೆ ಮೇಡಂ,” ಎಂದ. “ಇದನ್ನ ಮನೇಗೆ ತಗೊಂಡು ಹೋಗ್ಲಾ?”

*

ಪ್ರೊಫೆಸರ್ ಕೊನೆಯ ಪುಟ ತೆರೆದಳು. ನಿರ್ದೇಶಕರ ಹೆಸರಿನ ಮೇಲೆ ಬೆರಳಿಟ್ಟಳು. ಇದೇ ಎಂದುಬಿಟ್ಟರೆ ಇಲ್ಲಿ ಅಲ್ಲವೆನ್ನುವವರು ಯಾರೂ ಇರಲಿಲ್ಲ; ಮಗಳು ಕೂಡ ಅಮ್ಮನ ಮುಖ ನೋಡಿ ಸುಮ್ಮನಿರುತ್ತಿದ್ದಳು. ಬಾಯಿ ತೆರೆದಳು. ಆಮೇಲೆ ಬೆರಳು ಎತ್ತಿದಳು. ಪುಟಗಳನ್ನು ಹಿಂದಕ್ಕೆ ತಿರುವಿ, ಎರಡನೆಯದರಲ್ಲಿ ನಿಂತು, ಒಂದು ಸಾಲನ್ನು ಅವರ ಮಾತಿಗೆ ತಿರುಗಿಸಿ ಓದಿದಳು.

“ಈ ಗೆರೆಗಳು ಒಂದು ಕಾಳಿನಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಆದ್ದರಿಂದ ಇವು ಉಜ್ಜುವಾಗ ಆದವಲ್ಲ.”

ತಲೆ ಎತ್ತಲಿಲ್ಲ. “ಇದು ನಿಮ್ಮ ಯಜಮಾನರ ಮಾತು. ನಾನು ನಂದು ಅಂತ ಬರೆದೆ. ಅವರ ಹೆಸರು ಇದರಲ್ಲಿ ಎಲ್ಲೂ ಇಲ್ಲ. ಇತ್ತು, ನಾನೇ ಅಳಿಸಿದೆ.”

“ಅಂದ್ರೆ?” ಮೈದುನ ಎದ್ದು ನಿಂತ. “ಭಾವ ಮನೇಲಿ ಸುಳ್ಳು ಹೇಳಿದ್ರಾ?”

“ಹೇಳಿದ್ರು ಮಾವ,” ಎಂದಳು ಮಗಳು. “ಓದಿ ನೋಡಿ ನಾನೇ ಅಪ್ಪನ್ನ ಕೇಳಿದ್ದೆ. ಅಮ್ಮಂಗೆ ಹೇಳ್ಬೇಡ, ಮೇಡಂ ಬಗ್ಗೆ ಮನೇಲಿ ಯಾರೂ ಹಗುರವಾಗಿ ಮಾತಾಡೋದು ಬೇಡ, ಅಂದ್ರು.”

ಕೆಳಗೆ ಶವ ಒಯ್ಯಲು ಬಂದಿದ್ದ ವ್ಯಾನಿನವನು ಹಾರ್ನ್ ಹೊಡೆದ. ಯಾರೂ ಏಳಲಿಲ್ಲ. ಹೆಂಡತಿ ಗಂಡನ ಮುಖ ನೋಡುತ್ತ ಕೂತಳು, ಇನ್ನೇನು ಗದರಿಸುತ್ತಾಳೆ ಅನ್ನುವ ಹಾಗೆ. ಆಮೇಲೆ ಪ್ರೊಫೆಸರ್ ಕಡೆ ಬಾಗಿ ಪುಟ ನೋಡಿದಳು.

“ಯಾವುದು ಅವರ ಸಾಲು?”

ಪ್ರೊಫೆಸರ್ ತೋರಿಸಿದಳು.

“ಅದರ ಪಕ್ಕ ಜಾಗ ಇದೆಯಲ್ಲ. ಬರೀರಿ. ನಂಗೆ ಓದೋಕೆ ಬರೋ ಅಕ್ಷರದಲ್ಲೇ ಬರೀರಿ.”

ಅಟೆಂಡರ್ ಪೆನ್ನು ಕೊಟ್ಟ. ಪ್ರೊಫೆಸರ್ ಪ್ರತಿಯನ್ನು ಮೊಣಕಾಲ ಮೇಲಿಟ್ಟುಕೊಂಡು ‘ಶ್ರೀ’ ಎಂದು ಬರೆದಳು. ಪೆನ್ನು ಅಲ್ಲೇ ನಿಂತಿತು. ಕೊನೆಗೆ, ಪಕ್ಕದವರಿಗಷ್ಟೇ ಕೇಳುವ ಸ್ವರದಲ್ಲಿ ಹೇಳಿದಳು:

“ಅವರ ಪೂರ್ತಿ ಹೆಸರು... ನಂಗೆ ಗೊತ್ತಿಲ್ಲ.”

ಹೆಂಡತಿ ಅವಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ, ಮಗುವಿಗೆ ಉಕ್ತಲೇಖನ ಹೇಳುವಂತೆ, ಬಿಡಿಸಿ ಬಿಡಿಸಿ ಹೇಳತೊಡಗಿದಳು. ಪ್ರೊಫೆಸರ್ ನೆಲದ ಮೇಲೆ ಕೂತು ತಲೆತಗ್ಗಿಸಿ ಬರೆಯುತ್ತ ಹೋದಳು.

“ಅಲ್ಲಮ್ಮ,” ಎಂದಳು ಹೆಂಡತಿ, ಕಾಗದದ ಮೇಲೆ ಬೆರಳಿಟ್ಟು. “ಅಲ್ಲಿ ಒತ್ತಕ್ಷರ ಬರುತ್ತೆ.”

ಪ್ರೊಫೆಸರ್ ಹೊಡೆದುಹಾಕಿ, ಮೊದಲಿನಿಂದ ಬರೆದಳು.