ನೆಲದ ಸಾಲಿನ ಧ್ವನಿ

ತಾಯಿಯನ್ನು ರಾಜ್ಯೋತ್ಸವಕ್ಕೆ ಕಳಿಸಲು ಉಷಾ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಜಯಲಕ್ಷ್ಮಮ್ಮ ಒಂದು ಹಾಡು ಹಾಡಬಹುದು, ಅದೂ ಒಂದೇ ಸಲ.

"ಹೋದ ತಿಂಗಳು ಆಕ್ಸಿಜನ್ ಇಟ್ಟಿದ್ರು ಸಾರ್. ಅಮ್ಮಂಗೆ ಉಸಿರು ಸಾಲಲ್ಲ. ನಿಮ್ಮ ಸಂಘದೋರು ಶಾಲು ಹೊದಿಸಿ ಹೊರಟುಬಿಡ್ತೀರಿ, ಆಮೇಲೆ ಆಸ್ಪತ್ರೆಗೆ ಓಡೋಳು ನಾನು."

"ಒಂದೇ ಸಲ. ಮಾತು ಕೊಡ್ತೀನಮ್ಮ" ಎಂದರು ವಿಷ್ಣುಮೂರ್ತಿ.

ಅದು 2003ರ ನವೆಂಬರ್. ವಿಷ್ಣುಮೂರ್ತಿ ವಿಮಾ ಕಚೇರಿಯಿಂದ ನಿವೃತ್ತರಾಗಿ ಚೆನ್ನೈನ ಅಣ್ಣಾ ನಗರದಲ್ಲಿದ್ದರು. ಅಲ್ಲಿನ ಕನ್ನಡ ಸಂಘದಲ್ಲಿ ಸನ್ಮಾನಗಳ ಹೊಣೆ ಅವರದು. ಜಯಲಕ್ಷ್ಮಮ್ಮ ಒಂದು ಕಾಲಕ್ಕೆ ನಾಟಕ ಕಂಪನಿಯ ನಾಯಕಿ. ಕನ್ನಡ ಚಿತ್ರಗಳು ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದಾಗ ವಡಪಳನಿಗೆ ಬಂದು ಕೆಲವು ಚಿತ್ರಗಳಲ್ಲಿ ತಾಯಿಯಾದರು, ಅತ್ತೆಯಾದರು. ಚಿತ್ರರಂಗ ಬೆಂಗಳೂರಿಗೆ ಹೋಯಿತು, ಅವರು ಹೋಗಲಿಲ್ಲ. ಈಗ ಎಣ್ಣೂರಿನಲ್ಲಿ, ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದ ಅಳಿಯನ ಮನೆಯಲ್ಲಿದ್ದರು. ಕಿಟಕಿಯ ದಂಡೆಯನ್ನು ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಬೂದಿ ಕೂತಿರುತ್ತಿತ್ತು.

ಕಾಲೇಜಿನಲ್ಲಿದ್ದಾಗ ಕಂಪನಿಯ ದಾವಣಗೆರೆ ಕ್ಯಾಂಪಿನಲ್ಲಿ ವಿಷ್ಣುಮೂರ್ತಿ ಜಯಲಕ್ಷ್ಮಮ್ಮನವರ ಒಂದೇ ನಾಟಕವನ್ನು ಮತ್ತೆ ಮತ್ತೆ ನೋಡಿದ್ದರು. ಕೊನೆಯಲ್ಲಿ ರಾಣಿ ವಿಷ ಕುಡಿದು, ಹಾಡುತ್ತ ಸಾಯುತ್ತಾಳೆ. ಹಾಡು ಮುಗಿದು ತಲೆ ಒಂದು ಪಕ್ಕಕ್ಕೆ ಬಿದ್ದ ಮೇಲೆ ಕಂಪನಿ ಒಂದು ಕ್ಷಣ ಕಾಯುತ್ತಿತ್ತು. ನೆಲದಲ್ಲಿ ಕೂತವರು 'ಒನ್ಸ್ ಮೋರ್' ಎಂದರೆ ಹಾರ್ಮೋನಿಯಂ ಮತ್ತೆ ಶುರುವಾಗುತ್ತಿತ್ತು, ಸತ್ತವಳು ಎದ್ದು ಕೂತು ಇನ್ನೊಮ್ಮೆ ಹಾಡಿ ಸಾಯುತ್ತಿದ್ದಳು. ಶಕ್ತಿ ಇಲ್ಲದ ನಟಿ ಸಭೆಗೆ ಕೈ ಮುಗಿದರೆ ಸಾಕು, ಯಾರೂ ಒತ್ತಾಯ ಮಾಡುತ್ತಿರಲಿಲ್ಲ. ಜಯಲಕ್ಷ್ಮಮ್ಮ ಕೈ ಮುಗಿದದ್ದನ್ನು ವಿಷ್ಣುಮೂರ್ತಿ ಒಮ್ಮೆಯೂ ಕಂಡಿರಲಿಲ್ಲ. ಎಲ್ಲರಿಗಿಂತ ಮೊದಲು 'ಒನ್ಸ್ ಮೋರ್' ಎಂದು ಕೂಗುತ್ತಿದ್ದವರು ವಿಷ್ಣುಮೂರ್ತಿಯೇ. ಮುಂದೆ ಸಿನಿಮಾದಲ್ಲಿ ಆಕೆಯನ್ನು ನೋಡಿದಾಗಲೂ ಅಭ್ಯಾಸಬಲದಿಂದ ಕೂಗಿದ್ದರು. ಅಕ್ಕಪಕ್ಕದವರು ನಕ್ಕರು. ರೀಲು ತನ್ನ ಪಾಡಿಗೆ ಓಡಿತು.

ಎಣ್ಣೂರಿಗೆ ಮೊದಲ ಸಲ ಹೋದಾಗ, ದಾವಣಗೆರೆಯಲ್ಲಿ ನಾಟಕ ನೋಡಿದ್ದೆ ಎಂದು ಹೇಳಿದ್ದರು.

"ಎಲ್ಲಾರೂ ಹಂಗೇ ಅಂತಾರೆ ಇನ್ಶೂರೆನ್ಸ್ ಸ್ವಾಮಿ" ಎಂದಿದ್ದರು ಜಯಲಕ್ಷ್ಮಮ್ಮ. "ದೀಪ ಎಲ್ಲಾ ನಮ್ಮ ಮುಖದ ಮೇಲೆ. ಎದುರಿಗೆ ಕೂತೋರು ಮನುಷ್ಯರೋ ಮೂಟೆಗಳೋ, ಯಾರಿಗೆ ಗೊತ್ತು?"

ಕೂಗುತ್ತಿದ್ದವನು ತಾನೇ ಎಂಬುದನ್ನು ವಿಷ್ಣುಮೂರ್ತಿ ತಮ್ಮಲ್ಲೇ ಇಟ್ಟುಕೊಂಡರು.

ಭಾನುವಾರ ಮಧ್ಯಾಹ್ನ ಸಭಾಂಗಣ ಅರ್ಧ ತುಂಬಿತ್ತು. ಪೆರುಂಗುಡಿಯ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸಕ್ಕೆ ಬಂದ ಹೊಸ ಸಂಸಾರಗಳೇ ಹೆಚ್ಚು. ಮಕ್ಕಳು ಕುರ್ಚಿಗಳ ನಡುವೆ ತಮಿಳಿನಲ್ಲಿ ಜಗಳವಾಡುತ್ತಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಜಯಲಕ್ಷ್ಮಮ್ಮ ಕುರ್ಚಿಯಲ್ಲಿ ಕೂತೇ ರಾಣಿಯ ಹಾಡು ಹಾಡಿದರು. ಸಂಘದ ಭಜನೆಗೆ ನುಡಿಸುವ ಕೃಷ್ಣಪ್ರಸಾದ ಹಾರ್ಮೋನಿಯಂ ಹಿಡಿದಿದ್ದ. ಧ್ವನಿ ಮೇಲಕ್ಕೆ ಹೋಗಲಿಲ್ಲ. ಎರಡು ಕಡೆ ಉಸಿರು ಸಾಲದೆ ಸಾಲು ತುಂಡಾಯಿತು. ಆದರೂ ತಾಳ ತಪ್ಪಲಿಲ್ಲ.

ಹಾಡು ಮುಗಿಯಿತು. ತಲೆ ಎಡಕ್ಕೆ ವಾಲಿತು. ಅವರು ಹಾಗೇ ಉಳಿದರು.

ಸಣ್ಣ ಚಪ್ಪಾಳೆ ಎದ್ದು ನಿಂತುಹೋಯಿತು. ಕೃಷ್ಣಪ್ರಸಾದ ಪೆಟ್ಟಿಗೆ ಮುಚ್ಚಿದ. ಆಕೆ ಕಣ್ಣು ತೆರೆಯಲಿಲ್ಲ. ಯಾವುದಕ್ಕೆ ಕಾಯುತ್ತಿದ್ದಾರೆಂದು ಆ ಸಭೆಯಲ್ಲಿ ಗೊತ್ತಿದ್ದವರು ಇಬ್ಬರು. ಮೊದಲ ಸಾಲಿನಿಂದ ಉಷಾ ತಿರುಗಿ ನೋಡಿದಳು, ತಾಯಿಯನ್ನಲ್ಲ, ವಿಷ್ಣುಮೂರ್ತಿಯನ್ನು. ವಿಷ್ಣುಮೂರ್ತಿ ಕುರ್ಚಿಯ ಕೈಗಳನ್ನು ಹಿಡಿದು ಕೂತರು. ಗಂಟಲಿಗೆ ಬಂದ ಕೂಗನ್ನು ನುಂಗಿದರು.

"ಅಯ್ಯಯ್ಯೋ, ತಲೆ ಸುತ್ತು ಬಂದಿರಬೇಕು, ನೀರು ತನ್ನಿ!" ಎಂದು ಅಧ್ಯಕ್ಷರು ಓಡಿಬಂದರು.

ಜಯಲಕ್ಷ್ಮಮ್ಮ ತಾವೇ ತಲೆ ಎತ್ತಿದರು. "ಏನೂ ಆಗಿಲ್ಲ ಮಾರಾಯ್ರೇ. ಸತ್ತಿದ್ದೆ ಅಷ್ಟೆ" ಎಂದರು. ಸಭೆ ನಕ್ಕಿತು. ಆಕೆ ನೀರು ಕುಡಿದರು.

ಹಿಂದಿರುಗುವಾಗ ಉಷಾ ಕಾರಿನ ಮುಂದಿನ ಸೀಟಿನಲ್ಲಿ ಕೂತಳು. "ಥ್ಯಾಂಕ್ಸ್ ಸಾರ್" ಎಂದಳು, ಹಿಂದಕ್ಕೆ ನೋಡದೆ. ಹೊರಗೆ ಲಾರಿಗಳ ಸಾಲು ಮುಗಿಯುವಂತಿರಲಿಲ್ಲ. ಹಿಂದಿನ ಸೀಟಿನಲ್ಲಿ ವಿಷ್ಣುಮೂರ್ತಿಯ ಪಕ್ಕ ಜಯಲಕ್ಷ್ಮಮ್ಮ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ದಾವಣಗೆರೇಲಿ ಒಬ್ಬ ಹುಡುಗ ಇದ್ದ, ಸ್ವಾಮಿ."

"ಹ್ಞಾಂ?"

"ನೆಲದಲ್ಲಿ, ಬಲಗಡೆ ಕಂಬದ ಹತ್ತಿರ ಕೂರ್ತಿದ್ದ. ಮುಖ ಗೊತ್ತಿಲ್ಲ. ಧ್ವನಿ ಮಾತ್ರ ಗೊತ್ತು, ಒಡಕು ಧ್ವನಿ, ಇನ್ನೂ ಮೀಸೆ ಬರೋ ವಯಸ್ಸಿಂದು. ಆ ದರಿದ್ರದವನು ಕೂಗೋ ತನಕ ನಾನು ಉಸಿರು ಹಿಡ್ಕೊಂಡು ಬಿದ್ದಿರ್ತಿದ್ದೆ. ಜ್ವರ ಬಂದ ದಿನಾನೂ ಅವನಿಗೋಸ್ಕರ ಎದ್ದು ಹಾಡಿದ್ದೀನಿ. ಇವತ್ತೂ ಅದೇ ಅಭ್ಯಾಸ, ಕಾದೆ. ಹುಚ್ಚು ನೋಡಿ. ಅವನು ಎಲ್ಲಿದ್ದಾನೋ, ಇದ್ದಾನೋ ಇಲ್ವೋ."

ವಿಷ್ಣುಮೂರ್ತಿ ಬಾಯಿ ತೆರೆದರು. ಮುಂದಿನ ಸೀಟಿನಲ್ಲಿ ಉಷಾಳ ಕತ್ತು ನೆಟ್ಟಗಾಯಿತು. ಆ ಹುಡುಗ ನಾನೇ ಎಂದರೆ, ಇವತ್ತು ಯಾಕೆ ಕೂಗಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಮಗಳ ಎದುರಿಗೆ, ತಾಯಿಗೆ ಹೇಳುವಂಥದ್ದಲ್ಲ.

"ಇರ್ತಾನೆ ಬಿಡಿ" ಎಂದರು.

"ಇದ್ರೆ ಇರ್ಲಿ. ವಯಸ್ಸಾಗಿರುತ್ತೆ ಪಾಪ."

ಕ್ವಾರ್ಟರ್ಸಿನ ಗೇಟಿನ ಮುಂದೆ ಕಾರು ನಿಂತಿತು. ಬಿಸಿಲು ಇನ್ನೂ ಇತ್ತು. ಉಷಾ ತಾಯಿಯ ತೋಳು ಹಿಡಿದು ನಡೆಸಿಕೊಂಡು ಹೋದಳು. ಬಾಗಿಲಿನ ಮೆಟ್ಟಿಲ ಹತ್ತಿರ ಜಯಲಕ್ಷ್ಮಮ್ಮ ದಮ್ಮು ಹತ್ತಿ ನಿಂತರು. ಹಣ್ಣಿನ ಬುಟ್ಟಿಯನ್ನು ಮಗಳ ಕೈಗೆ ಕೊಟ್ಟು ಗೋಡೆ ಹಿಡಿದರು.

ಕಾರಿನ ಪಕ್ಕದಲ್ಲಿ ನಿಂತಿದ್ದ ವಿಷ್ಣುಮೂರ್ತಿ ಕೂಗಿದರು. ಮೊದಲನೆಯದಕ್ಕೆ ಗಾಳಿ ಮಾತ್ರ ಬಂತು. ಎರಡನೆಯದು ಸರಿಯಾಗಿಯೇ ಹೊರಟಿತು.

"ಒನ್ಸ್ ಮೋರ್!"

ಪಕ್ಕದ ಮನೆಯ ಹೆಂಗಸು ಕಿಟಕಿಯಿಂದ ಇಣುಕಿದಳು. "ಸಾರ್!" ಎಂದು ಉಷಾ ಗದರಿದಳು.

ಜಯಲಕ್ಷ್ಮಮ್ಮ ನಿಧಾನವಾಗಿ ತಿರುಗಿದರು. ಬಿಸಿಲು ಅವರ ಮುಖಕ್ಕೆ ಹೊಡೆಯುತ್ತಿತ್ತು, ಗೇಟಿನ ಕಡೆ ಅವರಿಗೆ ಏನು ಕಂಡಿತೋ ಹೇಳಲಾಗದು. ಒಂದಷ್ಟು ಹೊತ್ತು ಹಾಗೇ ನಿಂತರು. ಉಸಿರು ಹಿಡಿತಕ್ಕೆ ಬಂದಿತ್ತು, ಬಾಯಿ ಕೂಡ ಸ್ವಲ್ಪ ತೆರೆದಿತ್ತು. ಆಮೇಲೆ ಗೋಡೆಯಿಂದ ಕೈ ತೆಗೆದು, ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ತಂದು, ಸಭೆಗೆ ಮುಗಿಯುವಂತೆ ಮುಗಿದರು.

ವಿಷ್ಣುಮೂರ್ತಿ ಮತ್ತೆ ಕೂಗಲಿಲ್ಲ.