ಎಮ್ಮೆಯ ಬಾಯಿಗೆ ಹಾಕಿದ ಕೈ

ಕಟಕೋಳದ ಮುದಕಪ್ಪನ ಎಮ್ಮೆ ಬೆಳಿಗ್ಗೆಯಿಂದ ಮೇವು ಮೂಸಿರಲಿಲ್ಲ. ಜೊಲ್ಲು ಸುರಿಸುತ್ತ, ಕತ್ತು ಚಾಚಿ ಒರಲುತ್ತಿತ್ತು. ಗಂಟಲಲ್ಲಿ ಏನೋ ಸಿಕ್ಕಿರಬೇಕೆಂದು ಪಕ್ಕದ ಮನೆಯ ಲಕ್ಷ್ಮಣನನ್ನು ಕರೆದರು. ಓಣಿಯ ದನಗಳ ಗಂಟಲಿಗೆ ಗೋವಿನಜೋಳದ ದಿಂಡು ಸಿಕ್ಕರೆ ತೆಗೆಯುವವನು ಅವನೇ.

ಎದುರುಮನೆಯ ಸತ್ಯಪ್ಪ ಹಗ್ಗ ಜಗ್ಗಿ ಹಿಡಿದ. ಮುದಕಪ್ಪ ದವಡೆ ಅಗಲಿಸಿದ. ಲಕ್ಷ್ಮಣ ಮೊಣಕೈವರೆಗೆ ಕೈ ಇಳಿಸಿದ. ಕಬ್ಬಿನ ಗರಿ ಕೊಯ್ದ ಗೀರುಗಳು ಆ ಕೈತುಂಬ ಇದ್ದವು.

"ಹುಷಾರಪಾ, ಕೈ ನುಂಗೀತು! ಆಮ್ಯಾಲ ನಿನ್ನ ಹೇಣ್ತಿ ರಾಣಿ ನನ್ನ ಕೂಡ ಜಗಳಾ ತಗೀತಾಳ," ಎಂದು ಮುದಕಪ್ಪನ ಹೆಂಡತಿ ಮರೆವ್ವ ನಕ್ಕಳು.

"ಇನ್ನೊಂದ ಕೈ ಐತಲ್ಲ ಕಾಕು!"

ಗಂಟಲಲ್ಲಿ ಏನೂ ಸಿಗಲಿಲ್ಲ. ಸತ್ಯಪ್ಪ ಅಂಗೈಯ ಜೊಲ್ಲನ್ನು ಧೋತರಕ್ಕೆ ಒರೆಸಿಕೊಂಡ.

ಮುದಕಪ್ಪ ಮಾತ್ರ ನಗಲಿಲ್ಲ. ಹಿಂದಿನ ತಿಂಗಳು ಹುಚ್ಚುನಾಯಿಯೊಂದು ಎಮ್ಮೆಯ ಮೂತಿ ಕಚ್ಚಿದ್ದನ್ನು ಕಂಡವನು ಅವನೊಬ್ಬನೇ. ಗಾಯಕ್ಕೆ ಅರಿಷಿಣ ಮೆತ್ತಿ ಸುಮ್ಮನಾಗಿದ್ದ. ಸುದ್ದಿಯಾದರೆ ಡೇರಿಯವರು ಉಳಿದ ಎಮ್ಮೆಗಳ ಹಾಲನ್ನೂ ಮುಟ್ಟುವುದಿಲ್ಲವೆಂಬ ಅಂಜಿಕೆ.

ಮರುದಿನ ಎಮ್ಮೆ ಸತ್ತಿತು. ಪಶುವೈದ್ಯೆ ಶೈಲಜಾ ಬಂದರು.

"ನಾಯಿ ಕಡದಿತ್ತೇನ್ರಿ?"

"ಇಲ್ರಿ."

"ಯಾರರ ಬಾಯಾಗ ಕೈ ಹಾಕಿದ್ರ ಹೇಳ್ರಿ. ಈಗ ಸೂಜಿ ಮಾಡಿಸಿದ್ರ ಉಳೀತಾರ. ರೋಗ ಎದ್ದಮ್ಯಾಲ ಔಷಧಾನ ಇಲ್ಲ."

"ಯಾರೂ ಹಾಕಿಲ್ರಿ," ಎಂದ ಮುದಕಪ್ಪ.

ಅವರು ಹೋದಮೇಲೆ ಹೆಂಡತಿಗೆ ನಿಜ ಹೇಳಿದ. ಅಂದೇ ಇಬ್ಬರೂ ರಾಮದುರ್ಗದ ಆಸ್ಪತ್ರೆಗೆ ಹೋಗಿ, ತಮಗೆ ನಾಯಿ ಪರಚಿತೆಂದು ಹೇಳಿ ಸೂಜಿ ಮಾಡಿಸಿಕೊಂಡು ಬಂದರು.

ತಿಂಗಳೊಪ್ಪತ್ತಾಗಿ, ಸೀಗಿಹುಣ್ಣಿಮೆ ಕಳೆದಮೇಲೆ ಲಕ್ಷ್ಮಣನ ಕೈ ಜುಮುಗುಟ್ಟತೊಡಗಿತು. ಆಮೇಲೆ ಜ್ವರ. ರಾಣಿ ತಂಬಿಗೆಯನ್ನು ತುಟಿಗೆ ಹಿಡಿದರೆ ಅವನ ಗಂಟಲು ಹಿಂಡಿಕೊಳ್ಳುತ್ತಿತ್ತು. ನೀರು ಬೇಡುತ್ತಿದ್ದ, ನೀರು ಕಂಡರೆ ಚೀರುತ್ತಿದ್ದ. ದೊಡ್ಡ ಆಸ್ಪತ್ರೆಯಲ್ಲಿ ಹುಚ್ಚುನಾಯಿ ರೋಗವೆಂದರು. ಆರೈಕೆ ಮಾಡಿದ್ದ ರಾಣಿಗೆ ಸೂಜಿ ಚುಚ್ಚಿದರು, ಅವನನ್ನು ಮಂಚಕ್ಕೆ ಕಟ್ಟಿದರು. ಕಟ್ಟು ಬಿಚ್ಚುವ ಮೊದಲೇ ಜೀವ ಹೋಯಿತು.

ಹೆಣ ಮನೆಗೆ ಬಂದಾಗ ಓಣಿಯೆಲ್ಲ ಸೇರಿತ್ತು. "ಯಾವ ನಾಯೀನೂ ಕಡದಿಲ್ಲ. ಈ ರೋಗ ಎಲ್ಲಿಂದ ಬಂತೋ ಮಾರಾಯಾ," ಎಂದು ಸತ್ಯಪ್ಪ ಅತ್ತ. ಮರೆವ್ವ ಅವನ ಅಂಗೈಗಳನ್ನೇ ನೋಡಿದಳು.

"ನಮ್ಮ ಎಮ್ಮಿಗೆ ಕಡದಿತ್ತು, ಸತ್ಯಪ್ಪಣ್ಣ."

"ಏಯ್, ಬಾಯಿ ಮುಚ್ಚ!" ಎಂದ ಮುದಕಪ್ಪ.

"ಮುಚ್ಚಿದ್ದ ಸಾಕು. ನಾವಿಬ್ಬರೂ ಅವತ್ತ ರಾಮದುರ್ಗದಾಗ ಸೂಜಿ ಮಾಡಿಸಿಕೊಂಡೇವಿ. ನೀನೂ ಜೊಲ್ಲು ಮುಟ್ಟೀದಿ ಅಣ್ಣಾ."

ಅಳು ನಿಂತುಬಿಟ್ಟಿತು. ರಾಣಿ ತಲೆಯೆತ್ತಿದಳು.

"ರಾಮದುರ್ಗದ ತನಕಾ ಹೋಗಿದ್ರಿ ಕಾಕು. ನಮ್ಮನಿ ಅದಕ್ಕಿಂತಾ ದೂರಿತ್ತೇನ್ರಿ?"

ರಾಣಿ ಸತ್ಯಪ್ಪನ ಕಡೆ ತಿರುಗಿದಳು.

"ಅಣ್ಣಾ, ನೀ ಮಣ್ಣು ಕೊಡೂತನಕಾ ನಿಂದರಬ್ಯಾಡ. ದವಾಖಾನಿಗೆ ಹೋಗು. ಈಗ ಹೋಗು."

ಸತ್ಯಪ್ಪ ಗೆಳೆಯನ ಕಾಲು ಮುಟ್ಟಿ ಎದ್ದು, ಗಾಡಿ ಚಾಲೂ ಮಾಡಿದ. ಅವನು ಹೆಗಲು ಕೊಡಬೇಕಾಗಿದ್ದ ಚಟ್ಟದ ಮೂಲೆಗೆ ಮುದಕಪ್ಪ ಬಂದು ನಿಂತ. ಉಳಿದ ಮೂವರೂ ಹೆಣವನ್ನು ಎತ್ತಲಿಲ್ಲ, ಅವನು ಹಿಂದೆ ಸರಿಯುವವರೆಗೂ.